ಬೋರ್ಡಿನಲ್ಲಿ ಎನ್‌ಬಿಎ ಇದೆ, ತಂಗಿಯ ಬ್ರಾಂಚಿಗೆ ಇಲ್ಲ. ಶಿಕ್ಷಣ ಸಾಲದ ಈ ಬಡ್ಡಿ ಯಾರ ಲೆಕ್ಕಕ್ಕೆ?

ಮುಧೋಳದ ಅಣ್ಣ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ನನ್ನ ತಂಗಿಗೆ 2021ರಲ್ಲಿ ಸಿಇಟಿ ಮೂಲಕ ಬೆಳಗಾವಿ ಕಡೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬ್ರಾಂಚ್ ಎಐ ಆಂಡ್ ಎಂಎಲ್. ಆಗಷ್ಟೇ ಶುರುವಾಗಿದ್ದ ಬ್ರಾಂಚು, ಎಲ್ಲರೂ ಅದನ್ನೇ ಕೇಳುತ್ತಿದ್ದರು. ಫೀ, ಹಾಸ್ಟೆಲ್ ಸೇರಿ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಶಿಕ್ಷಣ ಸಾಲ ತೆಗೆದೆವು. ನಮ್ಮದು ಮೂರು ಎಕರೆ ಕಬ್ಬು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೊಟ್ಟಿದ್ದೆವು. ಆಗಿನ ಮ್ಯಾನೇಜರ್ ಅದನ್ನು ನೋಡಿ, "ನಾಲ್ಕೂವರೆ ಲಕ್ಷದ ಒಳಗೇ ಇದೆಯಲ್ಲ. ಓದು ಮುಗಿಯುವವರೆಗೆ ಬಡ್ಡಿ ಸರ್ಕಾರದ್ದು, ಚಿಂತೆ ಬಿಡಿ" ಎಂದರು. ಅಪ್ಪ ಚಿಂತೆ ಬಿಟ್ಟರು. ಐದು ವರ್ಷ ಬಿಟ್ಟೇ ಇದ್ದರು.

ಕಳೆದ ವಾರ ಸ್ಟೇಟ್‌ಮೆಂಟ್ ಬಂತು, ಇನ್ನು ಕಂತು ಶುರು ಅಂತ. ಬಾಕಿ 5 ಲಕ್ಷ 40 ಸಾವಿರ ಚಿಲ್ಲರೆ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಬರುತ್ತವೆ. ಕಾರ್ಖಾನೆಯ ಕಬ್ಬಿನ ತೂಕದ ಚೀಟಿ ಓದುವ ಹಾಗೆ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೆಳಗೆ ಇಳಿದರು. ಕೊನೆಗೆ ಕೇಳಿದ್ದು ಒಂದೇ: "ತಗೊಂಡದ್ದು ನಾಲ್ಕು, ಅಲ್ವಾ?"

ಬ್ಯಾಂಕಿಗೆ ಹೋದೆ. ಈಗ ಬೇರೆ ಮ್ಯಾನೇಜರ್. "ನಿಮ್ಮ ಕೋರ್ಸಿಗೆ ಅಕ್ರೆಡಿಟೇಷನ್ ಇಲ್ಲ, ಸಬ್ಸಿಡಿ ಬರುವುದಿಲ್ಲ" ಎಂದರು. ಕಾಲೇಜಿಗೆ ಹೋದೆ. ಗೇಟಿನಲ್ಲಿ ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಒಂದು ಅಡಿ ಅಕ್ಷರದಲ್ಲಿ "ಎನ್‌ಬಿಎ ಮಾನ್ಯತೆ", ಪಕ್ಕದಲ್ಲಿ ಸಣ್ಣದೊಂದು ನಕ್ಷತ್ರ. ಎನ್‌ಬಿಎ ಅಂದರೆ ಕೋರ್ಸಿನ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಕೆಳಗೆ ಹುಡುಗರ ಸ್ಕೂಟರ್ ಸಾಲಾಗಿ ನಿಂತಿದ್ದವು. ಬಗ್ಗಿ ನೋಡಿದರೆ ಇನ್ನೊಂದು ನಕ್ಷತ್ರ, ಅದರ ಮುಂದೆ "ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಾನಿಕ್ಸ್ (ಇ ಆಂಡ್ ಸಿ) ವಿಭಾಗಗಳಿಗೆ". ಐದು ವರ್ಷದ ಹಿಂದೆಯೂ ಹೀಗೇ ಇತ್ತಂತೆ. ತಂಗಿ ಹೇಳಿದಳು. ನಾವು ಯಾರೂ ಬಗ್ಗಿ ನೋಡಿರಲಿಲ್ಲ.

ಕಾಲೇಜಿನ ಹೆಸರು, ಬ್ಯಾಂಕಿನ ಹೆಸರು ಕೇಳಬೇಡಿ. ತಂಗಿಯ ಮಾರ್ಕ್ಸ್ ಕಾರ್ಡ್ ಇನ್ನೂ ಅಲ್ಲೇ ಇದೆ. ನನ್ನ ಪ್ರಶ್ನೆ ಇಷ್ಟೇ. ಮಾನ್ಯತೆ ತರಬೇಕಾದವರು ಕಾಲೇಜಿನವರು, ಹೇಳಬೇಕಾದವರು ಬ್ಯಾಂಕಿನವರು. 1 ಲಕ್ಷ 40 ಸಾವಿರ ಬಡ್ಡಿ ಮಾತ್ರ ನಮಗೆ. ಏನಾದರೂ ದಾರಿ ಇದೆಯಾ?

ಕೌಂಟರ್ ನಂಬರ್ ಮೂರು:

ನಾನು ಬ್ಯಾಂಕಿನಲ್ಲಿ 27 ವರ್ಷ ಕೂತವನು, ಈಗ ಬಾಗಲಕೋಟೆಯಲ್ಲಿ ನಿವೃತ್ತ ಜೀವನ. ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ, ಏಕೆಂದರೆ ಅಪ್ಪನಿಗೆ ಬ್ಯಾಂಕು ಮೋಸ ಮಾಡಿದೆ ಎಂದು ಅನಿಸಿರುತ್ತದೆ.

ಶೇ 10 ಬಡ್ಡಿ ಎಂದು ಹಿಡಿಯಿರಿ. ಮೊದಲ ವರ್ಷ ಕೊಟ್ಟ 1 ಲಕ್ಷಕ್ಕೆ ಓದಿನ ನಾಲ್ಕು ವರ್ಷ, ಮೇಲೊಂದು ವರ್ಷ, ಒಟ್ಟು ಐದು ವರ್ಷದ ಬಡ್ಡಿ 50 ಸಾವಿರ. ಎರಡನೇ ಲಕ್ಷಕ್ಕೆ 40, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20. ಕೂಡಿಸಿದರೆ 1 ಲಕ್ಷ 40 ಸಾವಿರ. ಚಕ್ರಬಡ್ಡಿ ಹಾಕಿಲ್ಲ, ಈ ಅವಧಿಗೆ ಸರಳ ಬಡ್ಡಿಯೇ. ಲೆಕ್ಕದಲ್ಲಿ ತಪ್ಪಿಲ್ಲ. ಬಡ್ಡಿ ಕಟ್ಟುವವರು ಬದಲಾದರು, ಅಷ್ಟೇ.

ಈಗ ಸಬ್ಸಿಡಿ ವಿಷಯ. 2009ರಲ್ಲಿ ಕೇಂದ್ರದ ಈ ಬಡ್ಡಿ ಸಹಾಯಧನ ಬಂದಾಗ ಎನ್‌ಬಿಎ ಆಗಲಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಆಗಲಿ ಬೇಕೆಂಬ ಷರತ್ತು ಇರಲಿಲ್ಲ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗೆ, ಮಾನ್ಯತೆ ಇರುವ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು, ಮುಗಿಯಿತು. 2018ರಲ್ಲಿ ಬಿಗಿ ಮಾಡಿದರು. ಕಾಲೇಜಿಗೆ ನ್ಯಾಕ್ ಇರಬೇಕು, ಇಲ್ಲವೇ ಆ ಕೋರ್ಸಿಗೆ ಎನ್‌ಬಿಎ ಇರಬೇಕು, ಅದೂ ಇಲ್ಲದಿದ್ದರೆ ಐಐಟಿ, ಎನ್‌ಐಟಿ ತರಹದ ಕೇಂದ್ರದ ಸಂಸ್ಥೆ ಆಗಿರಬೇಕು. ನಿಮಗೆ ಹೇಳಿದ ಮ್ಯಾನೇಜರ್ ಸುಳ್ಳು ಹೇಳಿರಲಿಕ್ಕಿಲ್ಲ. ಹಳೆಯ ನಿಯಮ ಅವರ ಬಾಯಲ್ಲಿ ಕೂತಿತ್ತು. ನನ್ನ ಬಾಯಲ್ಲೂ ಒಂದು ವರ್ಷ ಕೂತಿತ್ತು, ಒಪ್ಪಿಕೊಳ್ಳುತ್ತೇನೆ.

ಇಲ್ಲಿ ಒಂದು ಗಂಟು ಇದೆ. ನ್ಯಾಕ್ ಕೊಡುವುದು ಇಡೀ ಕಾಲೇಜಿಗೆ. ಎನ್‌ಬಿಎ ಕೊಡುವುದು ಬ್ರಾಂಚಿಗೆ. ಹೊಸ ಬ್ರಾಂಚಿನಿಂದ ಎರಡು ಬ್ಯಾಚ್ ಪಾಸಾಗಿ ಹೊರಬರುವವರೆಗೆ ಎನ್‌ಬಿಎಗೆ ಅರ್ಜಿಯನ್ನೇ ಹಾಕಲು ಬರುವುದಿಲ್ಲ. ಅಂದರೆ ಕಾಲೇಜಿಗೆ ನ್ಯಾಕ್ ಇಲ್ಲದಿದ್ದರೆ ಹೊಸ ಬ್ರಾಂಚಿನ ಮೊದಲ ಮಕ್ಕಳಿಗೆ ಸಬ್ಸಿಡಿ ಸಿಗುವ ದಾರಿಯೇ ಇರಲಿಲ್ಲ. ಎಲ್ಲರೂ ಮುಗಿಬಿದ್ದು ಸೇರುವುದು ಇಂಥ ಬ್ರಾಂಚಿಗೇ.

ನಿಮ್ಮ ಕಾಲೇಜಿಗೆ 2021ರಲ್ಲಿ ನ್ಯಾಕ್ ಇತ್ತೇ? ಅದನ್ನು ಮೊದಲು ನೋಡಿ. ಆಮೇಲೆ ಬ್ಯಾಂಕಿನಲ್ಲಿ ಒಂದೇ ಪ್ರಶ್ನೆ ಕೇಳಿ: ಕ್ಲೇಮು ಅಪ್‌ಲೋಡ್ ಮಾಡಿ ತಿರಸ್ಕಾರ ಆಯಿತೋ, ಇಲ್ಲ ಅಪ್‌ಲೋಡೇ ಮಾಡಲಿಲ್ಲವೋ? ಈ ಯೋಜನೆಗೆ ಕೆನರಾ ಬ್ಯಾಂಕ್ ನೋಡಲ್ ಬ್ಯಾಂಕು, ಉಳಿದವರು ಅಲ್ಲಿಗೇ ಕ್ಲೇಮು ಕಳಿಸಬೇಕು. ಮಾರ್ಚಿನ ಗಡಿಬಿಡಿಯಲ್ಲಿ ಬಿಟ್ಟುಹೋದ ಕ್ಲೇಮುಗಳನ್ನು ನಾನೇ ಕಂಡಿದ್ದೇನೆ. ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ತಗೊಳ್ಳಿ.

ಟಿಳಕವಾಡಿ ಚಹಾ:

ಮಾರ್ಕ್ಸ್ ಕಾರ್ಡ್ ಇನ್ನೂ ಅಲ್ಲೇ ಇದೆ ಎಂದರೆ ಏನು? ಬಾಕಿ ಫೀಗೆ ಹಿಡಿದಿಟ್ಟಿದ್ದಾರಾ? ಮೂಲ ದಾಖಲೆ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಕೂಡ ಇದನ್ನೇ ಹೇಳುತ್ತದೆ. ಪರಿಶೀಲನೆ ಮಾಡಿ ವಾಪಸ್ ಕೊಡಬೇಕು, ತಿಜೋರಿಯಲ್ಲಿ ಇಡುವಂತಿಲ್ಲ. ಮೊದಲು ಅದನ್ನು ತಗೊಂಡು ಬನ್ನಿ, ಜಗಳ ಆಮೇಲೆ.

ಮುಧೋಳದ ಅಣ್ಣ:

ಹೌದು. ಮೂರನೇ ವರ್ಷ ಬ್ಯಾಂಕಿನಿಂದ ದುಡ್ಡು ಎರಡು ತಿಂಗಳು ತಡವಾಗಿ ಬಂತು. ಕಾಲೇಜು ಅದಕ್ಕೆ ದಂಡ ಹಾಕಿತು, 3,500. ಅದು ನಮಗೆ ಗೊತ್ತೇ ಇರಲಿಲ್ಲ. ಈಗ ಅದನ್ನು ಕಟ್ಟಿದರೆ ಕಾರ್ಡ್ ಕೊಡುತ್ತಾರಂತೆ.

ಆಫೀಸ್ ರೂಮ್:

ಸ್ವಲ್ಪ ನಮ್ಮ ಕಡೆಯ ಮಾತೂ ಕೇಳಿ. ನಾನು ವಿಜಯಪುರ ಜಿಲ್ಲೆಯ ಒಂದು ಕಾಲೇಜಿನ ಕಚೇರಿಯಲ್ಲಿ ಇದ್ದೇನೆ. ಇವರದಲ್ಲ, ಬೇರೆ.

ಹೊರಗಿನವರಿಗೆ "ಮಾನ್ಯತೆ" ಅಂದರೆ ಒಂದೇ ಕಾಗದ. ನಮಗೆ ಅದು ಕಪಾಟು. ಎಐಸಿಟಿಇ ಅನುಮತಿ ಬೇರೆ, ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಯ ಸಂಯೋಜನೆ ಬೇರೆ. ವಿಟಿಯುನಿಂದ ಪರಿಶೀಲನೆಗೆ ಎಲ್‌ಐಸಿ ಬರುತ್ತದೆ. ನನ್ನ ಹೆಂಡತಿ ಮೊದಲ ಸಲ ಅದನ್ನು ಕೇಳಿದಾಗ ಪಾಲಿಸಿ ಮಾಡಿಸಲು ಬರುತ್ತಾರೆ ಎಂದುಕೊಂಡಿದ್ದಳು. ಸ್ಥಳೀಯ ವಿಚಾರಣಾ ಸಮಿತಿ ಅದು. ಲ್ಯಾಬ್ ಎಷ್ಟು, ಮೇಷ್ಟ್ರು ಎಷ್ಟು, ಲೈಬ್ರರಿಯಲ್ಲಿ ಪುಸ್ತಕ ಎಷ್ಟು ಎಂದು ಎಣಿಸುತ್ತಾರೆ. ಇವೆರಡು ಇಲ್ಲದೆ ಕಾಲೇಜು ನಡೆಸುವಂತಿಲ್ಲ. ನ್ಯಾಕ್, ಎನ್‌ಬಿಎ ಇದರ ಮೇಲಿನ ಮಾತು. ನ್ಯಾಕ್‌ಗೆ ಸ್ವಯಂ ಅಧ್ಯಯನ ವರದಿ ಬರೆಯಬೇಕು, ಪ್ರತಿ ವರ್ಷ ಗುಣಮಟ್ಟದ ವರದಿ ಕಳಿಸಬೇಕು. ಶುಲ್ಕ ಕಟ್ಟಬೇಕು. ಐದು ವರ್ಷಕ್ಕೆ ಅವಧಿ ಮುಗಿಯುತ್ತದೆ, ಮತ್ತೆ ಮೊದಲಿನಿಂದ. ನಮ್ಮಂಥ ಸಣ್ಣ ಕಾಲೇಜಿನಲ್ಲಿ ಇದಕ್ಕೆಲ್ಲ ಇರುವುದು ಇಬ್ಬರು. ಪಾಠ ಮಾಡುವ ಮೇಷ್ಟ್ರನ್ನೇ ಫೈಲು ತುಂಬಲು ಕೂರಿಸುತ್ತೇವೆ.

ಟಿಳಕವಾಡಿ ಚಹಾ:

ಪಾಪ. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ಸಂಸ್ಥೆಯ ವಿಷಯದಲ್ಲಿ ನ್ಯಾಕ್ ತಪಾಸಣಾ ತಂಡದವರನ್ನೇ ಸಿಬಿಐ ಲಂಚದ ಕೇಸಿನಲ್ಲಿ ಬಂಧಿಸಿತ್ತಲ್ಲ. ಅವರೂ ಫೈಲು ತುಂಬಲು ಹೋಗಿದ್ದರಾ?

ಆಫೀಸ್ ರೂಮ್:

ಅದಕ್ಕೂ ನನಗೂ ಸಂಬಂಧ ಇಲ್ಲ. ಆದರೆ ಒಂದು ಒಪ್ಪುತ್ತೇನೆ. ಅಡ್ಮಿಷನ್ ಸಮಯದಲ್ಲಿ ಕೌಂಟರಿನಲ್ಲಿ ಕೂರಿಸುವ ಹುಡುಗರಿಗೆ "ಎಲ್ಲ ಅಪ್ರೂವ್ಡ್ ಇದೆ ಅಂತ ಹೇಳಿ" ಎಂದು ಹೇಳಿಕೊಟ್ಟಿರುತ್ತಾರೆ. ಯಾವುದಕ್ಕೆ, ಯಾವ ವರ್ಷದವರೆಗೆ ಎಂದು ಆ ಹುಡುಗರಿಗೂ ಗೊತ್ತಿರುವುದಿಲ್ಲ. ಪಾಲಕರು ಕಾಗದ ಕೇಳಿದರೆ ಕೊಡುತ್ತೇವೆ, ಗುಟ್ಟೇನಲ್ಲ. ಹದಿನಾಲ್ಕು ವರ್ಷದಲ್ಲಿ ಕೇಳಿದವರು ಮೂವರೋ ನಾಲ್ವರೋ. ಅವರಲ್ಲಿ ಒಬ್ಬರು ವಕೀಲರು.

ಇಂಡಿ ಲಿಂಬೆಕಾಯಿ:

ನಾನು ನರ್ಸಿಂಗ್ ಓದಿದವಳು. ನನ್ನ ಕತೆ ಉಲ್ಟಾ. ಕಾಲೇಜಿನ ಕಾಗದ ಸರಿ ಇತ್ತು, ಬ್ಯಾಂಕು ಕೇಳಿದ ಕಾಗದ ಪ್ರಪಂಚದಲ್ಲೇ ಇರಲಿಲ್ಲ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ನರ್ಸಿಂಗ್ ಕೋರ್ಸಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಅಥವಾ ಬೇರೆ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಇರಬೇಕು ಎಂದು ಬರೆದಿದೆ. 2017ರಲ್ಲಿ ನಮ್ಮ ಹೈಕೋರ್ಟು, ಕಾಲೇಜಿಗೆ ಮಾನ್ಯತೆ ಕೊಡುವ ಅಧಿಕಾರ ಆ ಕೌನ್ಸಿಲ್‌ಗೆ ಇಲ್ಲ, ಅದು ರಾಜ್ಯದ ಕೌನ್ಸಿಲ್ ಮತ್ತು ವಿಶ್ವವಿದ್ಯಾಲಯದ ಕೆಲಸ ಎಂದಿತು. ಕರ್ನಾಟಕದ ಕಾಲೇಜುಗಳ ಹೆಸರು ಅವರ ವೆಬ್‌ಸೈಟಿನಿಂದ ಹೋದವು. ನಾನು ಸೇರಿದ್ದು ಅದರ ಮರುವರ್ಷ. ಮ್ಯಾನೇಜರ್ ಕಂಪ್ಯೂಟರಿನಲ್ಲಿ ಹುಡುಕುತ್ತಾರೆ, ಹೆಸರಿಲ್ಲ. "ಪಟ್ಟಿಯಲ್ಲಿ ಇಲ್ಲ ಅಂದರೆ ಫೇಕ್ ಕಾಲೇಜಮ್ಮ" ಎಂದರು. ಎದುರು ಕೂತಿದ್ದ ಅಪ್ಪ ನನ್ನ ಮುಖ ನೋಡಿದರು. ಆ ನೋಟ ಇವತ್ತಿಗೂ ಮರೆತಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿವಿಯ ಪತ್ರ, ರಾಜ್ಯ ಕೌನ್ಸಿಲ್ ಪತ್ರ, ಕೋರ್ಟಿನ ಸುದ್ದಿ ಬಂದ ಪೇಪರ್ ಕಟಿಂಗ್, ಎಲ್ಲ ಒಯ್ದೆ. ಮೂರು ತಿಂಗಳು ಅಲೆದೆ. ಮೊದಲ ವರ್ಷದ ಫೀಗೆ ಅಪ್ಪ ಗಿಡದಲ್ಲಿದ್ದ ಲಿಂಬೆಕಾಯಿಯನ್ನೇ ವ್ಯಾಪಾರಿಗೆ ಮುಂಗಡ ಮಾತಾಡಿ ಕೊಟ್ಟರು. ಆ ಬೇಸಿಗೆ ಲಿಂಬೆ ದರ ಏರಿತು. ಲಾಭ ವ್ಯಾಪಾರಿಗೆ ಹೋಯಿತು. ಎರಡನೇ ವರ್ಷ ಮ್ಯಾನೇಜರ್ ಬದಲಾದರು. ಅದೇ ಕಾಗದ, ಅದೇ ಫೈಲು, ಹದಿನೈದು ದಿನದಲ್ಲಿ ಸಾಲ ಮಂಜೂರು.

ಕೌಂಟರ್ ನಂಬರ್ ಮೂರು:

ಈ ತಂಗಿ ಹೇಳಿದ್ದು ನಿಜ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮ್ಯಾನೇಜರಿಗೆ ಭಯ. ನಾಳೆ ಆಡಿಟ್‌ನಲ್ಲಿ ಕೇಳುತ್ತಾರೆ. ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಆದರೆ ಅದೇ ಮಾದರಿ ಯೋಜನೆಯಲ್ಲಿ ಇನ್ನೊಂದು ಮಾತಿದೆ. ಅರ್ಜಿ ತಿರಸ್ಕರಿಸುವುದಾದರೆ ಬ್ರಾಂಚ್ ಮ್ಯಾನೇಜರ್ ಒಬ್ಬರೇ ಮಾಡುವಂತಿಲ್ಲ. ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು, ಕಾರಣವನ್ನು ವಿದ್ಯಾರ್ಥಿಗೆ ತಿಳಿಸಬೇಕು. ಅದಕ್ಕೇ ಬಹಳ ಕಡೆ ತಿರಸ್ಕಾರವನ್ನೇ ಮಾಡುವುದಿಲ್ಲ. "ನಾಳೆ ಬನ್ನಿ" ಅಷ್ಟೇ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ. ಅಲ್ಲಿ ತಾರೀಖು ಬೀಳುತ್ತದೆ.

ನಿಪ್ಪಾಣಿ ಎಸ್‌ಟಿ ಸ್ಟ್ಯಾಂಡ್:

ನಮ್ಮ ಕಡೆ ಮಕ್ಕಳು ಕೊಲ್ಹಾಪುರ, ಸಾಂಗ್ಲಿಗೆ ಹೋಗುತ್ತಾರೆ. ಬೆಳಗಾವಿಗಿಂತ ಹತ್ತಿರ. ನಿಪ್ಪಾಣಿ ಬ್ಯಾಂಕು "ಕಾಲೇಜು ಮಹಾರಾಷ್ಟ್ರದಲ್ಲಿದೆ, ಅಲ್ಲೇ ಕೇಳಿ" ಎಂದಿತು. ಅಲ್ಲಿಯವರು "ನಿಮ್ಮ ಮನೆ ಕರ್ನಾಟಕ, ಅಲ್ಲೇ ಕೇಳಿ" ಎಂದರು. ಗಡಿ ವಿವಾದ ನಮ್ಮ ಫೈಲಿನಲ್ಲೇ ನಡೆಯಿತು. ಆಮೇಲೆ ಒಬ್ಬ ಗೆಳೆಯ ರಿಸರ್ವ್ ಬ್ಯಾಂಕಿನ 2012ರ ನವೆಂಬರ್ ಸುತ್ತೋಲೆ ಪ್ರಿಂಟ್ ತೆಗೆದುಕೊಟ್ಟ. ಮನೆ ನಮ್ಮ ಸೇವಾ ವ್ಯಾಪ್ತಿಯಲ್ಲಿ ಇಲ್ಲ ಎಂಬ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಬಾರದು ಎಂದು ಅದರಲ್ಲಿದೆ. ಟೇಬಲ್ ಮೇಲೆ ಇಟ್ಟೆ, ಬಾಯಿ ತೆರೆಯಲಿಲ್ಲ. ಅರ್ಜಿ ತಗೊಂಡರು.

ಸೆಕ್ಟರ್ 24:

ನಾನು ಬಾಗಲಕೋಟೆ ನವನಗರ. ಮಗನಿಗೆ 3 ಲಕ್ಷ ಕೇಳಿದರೆ "ಒಂದು ಎಫ್‌ಡಿ ಇಡಿ, ಜೊತೆಗೆ ಒಂದು ಇನ್ಶೂರೆನ್ಸ್ ಮಾಡಿಸಿ" ಎನ್ನುತ್ತಾರೆ. ಎಫ್‌ಡಿ ಇಡಲು ದುಡ್ಡಿದ್ದರೆ ಸಾಲ ಯಾಕೆ ಕೇಳುತ್ತಿದ್ದೆ? ಇನ್ನೊಂದು, ನನ್ನ ಟ್ರ್ಯಾಕ್ಟರ್ ಸಾಲದ ಎರಡು ಕಂತು ಬಾಕಿ ಇತ್ತು, ಸಿಬಿಲ್, ಅಂದರೆ ಸಾಲ ತೀರಿಸುವ ಸ್ಕೋರು, ಕೆಟ್ಟಿದೆ. ಕೇರಳ ಹೈಕೋರ್ಟು ಸಿಬಿಲ್ ನೋಡಿ ಶಿಕ್ಷಣ ಸಾಲ ನಿಲ್ಲಿಸಬೇಡಿ ಎಂದಿದೆಯಲ್ಲ?

ಕೌಂಟರ್ ನಂಬರ್ ಮೂರು:

4 ಲಕ್ಷದವರೆಗೆ ಯಾವ ಅಡಮಾನವನ್ನೂ ಕೇಳುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ಮಾತು, ಮ್ಯಾನೇಜರ ದಯೆಯಲ್ಲ. ಎಫ್‌ಡಿ ಕೂಡ ಅಡಮಾನವೇ. ಕೇಂದ್ರದ ಗ್ಯಾರಂಟಿ ನಿಧಿಯ ಅಡಿ ತಗೊಂಡರೆ ಏಳೂವರೆ ಲಕ್ಷದವರೆಗೂ ಬೇಕಿಲ್ಲ. ಬರೆದುಕೊಡಿ ಎಂದು ಕೇಳಿ ನೋಡಿ, ಎಫ್‌ಡಿ ಮಾತು ಅಲ್ಲಿಗೇ ನಿಲ್ಲುತ್ತದೆ.

ಸಿಬಿಲ್ ವಿಷಯದಲ್ಲಿ ಮಾತ್ರ ಹುಷಾರ್. ಕೇರಳದ 2023ರ ಆದೇಶ ವಿದ್ಯಾರ್ಥಿಯ ಸ್ಕೋರು ಕಡಿಮೆ ಇದ್ದ ಪ್ರಕರಣ. ಇಲ್ಲಿ ಸಹಸಾಲಗಾರರು ನೀವು, ಬಾಕಿ ನಿಮ್ಮದು. ಆ ಎರಡು ಕಂತು ಮೊದಲು ಕಟ್ಟಿ. ಆಗದಿದ್ದರೆ ತಾಯಿಯ ಹೆಸರಿನಲ್ಲಿ ಕೇಳಿ.

ಹೊಸ ಹುಡುಗ:

ಇಷ್ಟೆಲ್ಲ ಹಳೆಯ ಪುರಾಣ ಯಾಕೆ? ಈಗ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಬಂದಿದೆ. ಅಡಮಾನ ಬೇಡ, ಜಾಮೀನು ಬೇಡ, 8 ಲಕ್ಷ ಆದಾಯದವರೆಗೂ ಬಡ್ಡಿ ರಿಯಾಯಿತಿ. ಎಲ್ಲ ಸಮಸ್ಯೆ ಮುಗಿಯಿತಲ್ಲ.

ಕೌಂಟರ್ ನಂಬರ್ ಮೂರು:

ಮುಗಿದಿಲ್ಲ ತಮ್ಮಾ. 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿದಾಗ ಅದಕ್ಕೆ ಅರ್ಹ ಸಂಸ್ಥೆಗಳು ದೇಶಕ್ಕೆಲ್ಲ ಸೇರಿ 860. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ನೋಡಿ ಆರಿಸಿದ ಪಟ್ಟಿ. ನಮ್ಮ ಮೂರು ಜಿಲ್ಲೆಯ ಪಾಲಿಗೆ ಎಷ್ಟು ಬಂದೀತು, ನೀನೇ ಲೆಕ್ಕ ಹಾಕು. 8 ಲಕ್ಷ ಆದಾಯದವರೆಗೆ ಶೇ 3 ಬಡ್ಡಿ ರಿಯಾಯಿತಿ ಎನ್ನುವುದು ವರ್ಷಕ್ಕೆ 1 ಲಕ್ಷ ಮಕ್ಕಳಿಗೆ, ಅದೂ 10 ಲಕ್ಷದವರೆಗಿನ ಸಾಲಕ್ಕೆ. ಒಳ್ಳೆಯ ಯೋಜನೆಯೇ, ಬೇಡ ಅನ್ನುವುದಿಲ್ಲ. ಆದರೆ ಮತ್ತೆ ಮಾತು ಅಲ್ಲಿಗೇ ಬಂತು. ಮಗು ಹೇಗಿದೆ ಎಂದು ನೋಡುವ ಮೊದಲು ಕಾಲೇಜು ಯಾವ ಪಟ್ಟಿಯಲ್ಲಿದೆ ಎಂದು ನೋಡುತ್ತಾರೆ. ಪಟ್ಟಿ ವರ್ಷವರ್ಷ ಬದಲಾಗುತ್ತದೆ.

ಟಿಳಕವಾಡಿ ಚಹಾ:

ಪಟ್ಟಿ ಅಂದಮೇಲೆ ನೆನಪಾಯಿತು. ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಗೋಕಾಕದ ವಿಳಾಸದ ಒಂದು ಹೆಸರು ವರ್ಷಗಟ್ಟಲೆ ಇತ್ತು. ನಮ್ಮ ಜಿಲ್ಲೆಯೂ ಒಂದು ಪಟ್ಟಿಯಲ್ಲಿ ಖಾಯಂ ಆಗಿತ್ತು ಅಂತ ಖುಷಿಪಡಿ.

ಇಂಡಿ ಲಿಂಬೆಕಾಯಿ:

ಅಲ್ಪಸಂಖ್ಯಾತರ ನಿಗಮ, ದೇವರಾಜ ಅರಸು ನಿಗಮದ "ಅರಿವು" ಸಾಲವನ್ನೂ ಯಾರಾದರೂ ಹೇಳಿ. ಬಡ್ಡಿ ಬರೀ ಶೇ 2. ನನ್ನ ರೂಮ್‌ಮೇಟ್ ಅದರಲ್ಲೇ ಓದಿದಳು. ಬ್ಯಾಂಕಿಗೆ ಹೋಗುವ ಮೊದಲು ಜಿಲ್ಲಾ ಕಚೇರಿಯಲ್ಲಿ ಕೇಳಿದರೆ ಏನೂ ನಷ್ಟವಿಲ್ಲ.

ಸೆಕ್ಟರ್ 24:

ಮ್ಯಾನೇಜ್‌ಮೆಂಟ್ ಸೀಟಿಗೆ ಕೇಳುವ ಡೊನೇಷನ್ ಕೂಡ ಸಾಲದಲ್ಲಿ ಸೇರಿಸಬಹುದಾ? ರಸೀದಿ ಕೊಡುವುದಿಲ್ಲ ಎನ್ನುತ್ತಿದ್ದಾರೆ.

ಆಫೀಸ್ ರೂಮ್:

ರಸೀದಿ ಇಲ್ಲದ ದುಡ್ಡು ಫೀ ಅಲ್ಲ. 1984ರಿಂದ ಕ್ಯಾಪಿಟೇಷನ್ (ಡೊನೇಷನ್) ನಿಷೇಧ ಕಾಯ್ದೆ ಇದೆ. ಬ್ಯಾಂಕು ನೋಡುವುದು ಸರ್ಕಾರ ಅಥವಾ ಶುಲ್ಕ ಸಮಿತಿ ಒಪ್ಪಿದ ಫೀ ಮಾತ್ರ. ಇಲ್ಲಿ ಬರೆದಿದ್ದೇನೆ ಎಂದು ನಮ್ಮ ಅಧ್ಯಕ್ಷರಿಗೆ ಹೇಳಬೇಡಿ.

ಮುಧೋಳದ ಅಣ್ಣ:

ಮೂರು ವಾರ ಆಯಿತು. ಏನಾಯಿತು ಎಂದು ಹೇಳಿಬಿಡುತ್ತೇನೆ.

ನ್ಯಾಕ್ ನೋಡಿದೆ. ಕಾಲೇಜಿಗೆ ನ್ಯಾಕ್ ಬಂದದ್ದು ತಂಗಿ ಪಾಸಾಗಿ ಹೊರಬಿದ್ದ ಮೇಲೆ. ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟೆ, ನಕಲು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಸೀಲು ಹಾಕಲು ಹತ್ತು ನಿಮಿಷ ನಿಲ್ಲಿಸಿದರು, ನಾನೂ ನಿಂತೆ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಆರನೇ ದಿನಕ್ಕೇ ಪತ್ರ ಬಂತು. ಕ್ಲೇಮು ಕಳಿಸಿಯೇ ಇರಲಿಲ್ಲ, ಏಕೆಂದರೆ ಕೋರ್ಸು ಅರ್ಹವಲ್ಲ. ಇದು ಅವರಿಗೆ 2022ರಲ್ಲೇ ಗೊತ್ತಿತ್ತು. ನಮಗೆ ಹೇಳಲಿಲ್ಲ. ಆಗಲೇ ಹೇಳಿದ್ದರೆ ತಿಂಗಳ ಬಡ್ಡಿಯನ್ನಾದರೂ ಕಟ್ಟುತ್ತಾ ಬರುತ್ತಿದ್ದೆವು. ಓದುವಾಗ ಬಡ್ಡಿ ಕಟ್ಟಿದರೆ ಶೇ 1 ರಿಯಾಯಿತಿ ಕೊಡಬಹುದು ಎಂದು ಮಾದರಿ ಯೋಜನೆಯಲ್ಲೇ ಇದೆಯಂತೆ. ಅದೂ ಹೋಯಿತು.

ಒಂಬುಡ್ಸ್‌ಮನ್‌ಗೆ ಹೋಗುವುದೋ ಬೇಡವೋ ಇನ್ನೂ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಹತ್ತು ವರ್ಷಕ್ಕೆ ಕಂತು ಹಾಕಿಸಿದ್ದೇವೆ, ತಿಂಗಳಿಗೆ 7,100 ಚಿಲ್ಲರೆ. ಬರೀ 4 ಲಕ್ಷವಾಗಿದ್ದರೆ 5,300ರ ಹತ್ತಿರ ಬರುತ್ತಿತ್ತು. ಹದಿನೈದು ವರ್ಷ ಮಾಡಿ ಎಂದರು. ಅಪ್ಪ ಬೇಡ ಎಂದರು. ತಂಗಿಗೆ ಪುಣೆಯಲ್ಲಿ 22 ಸಾವಿರದ ಕೆಲಸ. ಆಫೀಸಿನಲ್ಲಿ ಯಾರೋ ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ ಎಂದರಂತೆ. ತೆರಿಗೆ ಕಟ್ಟುವಷ್ಟು ಸಂಬಳ ಬಂದಾಗ ನೋಡೋಣ ಎಂದು ನಕ್ಕಳು.

ಮಾರ್ಕ್ಸ್ ಕಾರ್ಡ್ ಸಿಕ್ಕಿತು. ಯುಜಿಸಿ ಮಾತು ಎತ್ತಿದ ಮೇಲೆ 3,500 ಕೇಳಲಿಲ್ಲ. ಟಿಳಕವಾಡಿಯವರೇ, ನಿಮಗೊಂದು ಚಹಾ ಬಾಕಿ.

ಪಕ್ಕದ ಮನೆಯ ಹುಡುಗನಿಗೆ ಈ ಸಲ ಸಿಇಟಿಯಲ್ಲಿ ಅದೇ ಕಾಲೇಜು ಸಿಗುವ ಹಾಗಿತ್ತು. ಬೈಕಿನಲ್ಲಿ ಕರೆದುಕೊಂಡು ಹೋಗಿ, ಗೇಟಿನ ಮುಂದಿನ ಎರಡು ಸ್ಕೂಟರ್ ಸರಿಸಿ, ಆ ನಕ್ಷತ್ರದ ಸಾಲನ್ನು ಅವನ ಕೈಲೇ ಓದಿಸಿದೆ. ವಾಚ್‌ಮನ್ ಯಾರ ಗಾಡಿ ಮುಟ್ಟಿದ್ದೀರಿ ಎಂದು ಕೂಗುತ್ತಾ ಬಂದ. ಆಫೀಸಿಗೆ ಹೋಗಿ ಎನ್‌ಬಿಎ ಪತ್ರದ ಝೆರಾಕ್ಸ್ ಕೂಡ ತಂದೆವು.

ಇಂಡಿ ಲಿಂಬೆಕಾಯಿ:

ಮತ್ತೆ ಹುಡುಗ ಯಾವ ಬ್ರಾಂಚ್ ತಗೊಂಡ?

ಮುಧೋಳದ ಅಣ್ಣ:

ಇ ಆಂಡ್ ಸಿ. ಅವನಿಗೆ ಎಐ ಬೇಕಿತ್ತು. ಇನ್ನೂ ನನ್ನ ಜೊತೆ ಮುಖ ಕೊಟ್ಟು ಮಾತಾಡುತ್ತಿಲ್ಲ.

ಕೌಂಟರ್ ನಂಬರ್ ಮೂರು:

ಆ ಝೆರಾಕ್ಸಿನಲ್ಲಿ ಎನ್‌ಬಿಎ ಯಾವ ವರ್ಷದವರೆಗೆ ಎಂದಿದೆ, ನೋಡಿದಿರಾ?

ಮುಧೋಳದ ಅಣ್ಣ:

ಈಗ ನೋಡಿದೆ. 2027ರ ಜೂನ್. ಅವನ ಕೋರ್ಸು ಮುಗಿಯುವುದು 2030ಕ್ಕೆ. ನಾಳೆ ಮತ್ತೆ ಹೋಗಬೇಕು.